ಹುಬ್ಬಳ್ಳಿಯಿಂದ ದ್ರಾಕ್ಷಿ ತೋಟದವರೆಗೆ: ವೈನ್ ರುಚಿ ನೋಡಲು ಕಲಿಯುವ ಸಮಗ್ರ ಮಾರ್ಗದರ್ಶಿ

ವೈನ್ ಬಗ್ಗೆ ಕಲಿಯಬೇಕು ಅಂದರೆ ನಾಸಿಕ್‌ಗೆ ಹೋಗಬೇಕು, ಇಲ್ಲಾ ಫ್ರಾನ್ಸಿಗೇ ಹೋಗಬೇಕು ಅಂತ ತುಂಬ ಜನ ಅಂದುಕೊಂಡಿರುತ್ತಾರೆ. ಹಾಗೇನಿಲ್ಲ. ಹುಬ್ಬಳ್ಳಿ-ಧಾರವಾಡದಲ್ಲಿ ಕೂತೇ ಶುರು ಮಾಡಬಹುದು. ಬೇಕಾದ ವಾಸನೆಗಳೆಲ್ಲ ನಮ್ಮ ಸಂತೆಯಲ್ಲೇ ಇವೆ. ಒಳ್ಳೆಯ ವೈನ್ ದ್ರಾಕ್ಷಿ ಬೆಳೆಯುವ ತೋಟ ಗದಗ ದಾಟಿದರೆ ಕೊಪ್ಪಳ ಜಿಲ್ಲೆಯಲ್ಲೇ ಇದೆ.

ಈ ಮಾರ್ಗದರ್ಶಿಯ ಉದ್ದಕ್ಕೂ ಒಂದೇ ಮಾತನ್ನು ಹಿಡಿದುಕೊಂಡು ಹೋಗುತ್ತೇನೆ. ಯಾವ ವೈನನ್ನೂ ಒಂಟಿಯಾಗಿ ನೋಡಬೇಡಿ. ಎರಡನ್ನು ಪಕ್ಕಪಕ್ಕ ಇಟ್ಟು ನೋಡಿ. ಒಂದೇ ಗ್ಲಾಸು ಇದ್ದರೆ "ಚೆನ್ನಾಗಿದೆ" ಅಥವಾ "ಹುಳಿ ಇದೆ" ಅಂತ ಹೇಳಿ ಸುಮ್ಮನಾಗುತ್ತೇವೆ. ಎರಡು ಇದ್ದರೆ ನಾಲಿಗೆ ತಾನಾಗಿಯೇ ಕೆಲಸ ಶುರು ಮಾಡುತ್ತದೆ.

ಮೊದಲೇ ಹೇಳಬೇಕಾದ್ದು: ವಯಸ್ಸು 21 ತುಂಬಿರಬೇಕು. ಗರ್ಭಿಣಿಯರು, ಲಿವರ್ ತೊಂದರೆ ಇರುವವರು, ಆಲ್ಕೋಹಾಲ್ ಜೊತೆ ಹೊಂದದ ಔಷಧಿ ತೆಗೆದುಕೊಳ್ಳುವವರು ಇದನ್ನು ಓದಿ ಖುಷಿಪಟ್ಟರೆ ಸಾಕು. ಉಳಿದವರೂ ಸ್ವಲ್ಪವೇ ನೋಡಿ. ರುಚಿ ನೋಡುವುದಕ್ಕೆ ಹೊಟ್ಟೆಗೆ ಇಳಿಯಲೇಬೇಕು ಅಂತಿಲ್ಲ.

ಹಂತ 1: ಬಾಟಲಿಗಿಂತ ಮೊದಲು ಮೂಗು

ನಾಲಿಗೆಗೆ ಗೊತ್ತಾಗುವುದು ಸಿಹಿ, ಹುಳಿ, ಕಹಿಯಂಥ ಕೆಲವೇ ರುಚಿಗಳು. ಉಳಿದದ್ದೆಲ್ಲ ಮೂಗಿನ ಕೆಲಸ. ಹಾಗಾಗಿ ಮೊದಲು ಒಂದು ಬೆಳಿಗ್ಗೆ ಚೀಲ ಹಿಡಿದು ಹುಬ್ಬಳ್ಳಿಯ ಜನತಾ ಬಜಾರಿಗೋ ಧಾರವಾಡದ ಸೂಪರ್ ಮಾರ್ಕೆಟ್ಟಿಗೋ ಹೋಗಿ. ಇಷ್ಟು ತನ್ನಿ: ಹಣ್ಣಾದ ಪೇರಲ, ಹಸಿರು ಡೊಣ್ಣ ಮೆಣಸಿನಕಾಯಿ, ಲಿಂಬೆ, ಕರಿಮೆಣಸು, ಲವಂಗ, ಒಣ ಕೊಬ್ಬರಿ, ಹುಣಸೆ. ಕಾಲ ಸರಿ ಇದ್ದರೆ ನೇರಳೆ ಹಣ್ಣು.

ಇದು ಸುಮ್ನೆ ಆಟ ಅಲ್ಲ. ಸೊವಿನ್ಯೋ ಬ್ಲಾಂಕ್ ದ್ರಾಕ್ಷಿಯಲ್ಲಿ ಪೈರಜೀನ್ ಅನ್ನುವ ವಸ್ತು ಇರುತ್ತದೆ. ಡೊಣ್ಣ ಮೆಣಸಿನಕಾಯಿ ಹೆಚ್ಚಿದಾಗ ಬರುವ ಹಸಿರು ವಾಸನೆಗೂ ಅದೇ ಕಾರಣ. ಪೇರಲದ ಘಮಕ್ಕೆ ಕಾರಣವಾಗುವ ಗಂಧಕದ ಸಂಯುಕ್ತಗಳು ಬಿಳಿ ವೈನ್‌ನಲ್ಲೂ ಸಿಗುತ್ತವೆ. ಶಿರಾಜ್ ಅನ್ನುವ ಕೆಂಪು ವೈನ್ ದ್ರಾಕ್ಷಿಯ ಮೆಣಸಿನ ಘಾಟು ರೋಟಂಡೋನ್ ಅನ್ನುವ ವಸ್ತುವಿನಿಂದ. ಕರಿಮೆಣಸಿನಲ್ಲಿರುವುದೂ ಅದೇ. ಓಕ್ ಮರದ ಪೀಪಾಯಿಯಿಂದ ವೈನಿಗೆ ಲವಂಗದ ಯೂಜೆನಾಲ್ ಬರುತ್ತದೆ, ವೆನಿಲ್ಲಾ ಪರಿಮಳ ಬರುತ್ತದೆ. ಅಮೆರಿಕದ ಓಕ್ ಆದರೆ ಕೊಬ್ಬರಿಯ ವಾಸನೆಯೂ ಸೇರುತ್ತದೆ. ಸಾವಜಿ ಮಸಾಲೆ ಹುರಿಯುವ ಮನೆಯಲ್ಲಿ ಬೆಳೆದವರಿಗೆ ಇದರಲ್ಲಿ ಅರ್ಧ ಪಾಠ ಆಗಲೇ ಆಗಿಹೋಗಿರುತ್ತದೆ.

ಒಂದೊಂದನ್ನೂ ಸಣ್ಣ ಬಟ್ಟಲಿಗೆ ಹಾಕಿ. ಕಣ್ಣು ಮುಚ್ಚಿ ಮೂಸಿ, ಹೆಸರು ಹೇಳಿ. ಮನೆಯವರು ಬಟ್ಟಲು ಅದಲುಬದಲು ಮಾಡಲಿ. ಗೊತ್ತಿರುವ ವಾಸನೆಗೂ ಕಣ್ಣು ಮುಚ್ಚಿದಾಗ ಹೆಸರು ಸಿಗುವುದು ಎಷ್ಟು ಕಷ್ಟ ಅಂತ ಆಗ ತಿಳಿಯುತ್ತದೆ.

ಆಮೇಲೆ ಬಾಯಿಗೆ ಮೂರು ಲೋಟ. ಒಂದರಲ್ಲಿ ಸಕ್ಕರೆ ಇಲ್ಲದ ಲಿಂಬೆ ನೀರು. ಇನ್ನೊಂದರಲ್ಲಿ ಹಾಲಿಲ್ಲದ, ಜಾಸ್ತಿ ಹೊತ್ತು ಕುದಿಸಿದ ಚಹಾ. ಮತ್ತೊಂದರಲ್ಲಿ ತಿಳಿ ಸಕ್ಕರೆ ನೀರು. ಲಿಂಬೆ ಕುಡಿದಾಗ ಬಾಯಲ್ಲಿ ನೀರೂರುತ್ತದೆ: ಅದು ಆಮ್ಲ. ಚಹಾ ಕುಡಿದಾಗ ವಸಡು, ಕೆನ್ನೆಯ ಒಳಗೆ ಒಣಗಿದ ಹಾಗೆ ಆಗುತ್ತದೆ: ಅದು ಟ್ಯಾನಿನ್, ನಮ್ಮ ಒಗರು. ಹುಳಿಯನ್ನೂ ಒಗರನ್ನೂ ಬೇರೆ ಮಾಡಿ ಹೇಳಲು ಬಂದರೆ ರೆಡ್ ವೈನ್‌ನ ಅರ್ಧ ಗೊಂದಲ ಅಲ್ಲೇ ಕರಗುತ್ತದೆ.

ಹಂತ 2: ಯಾವ ಜೋಡಿ ಕೊಳ್ಳಬೇಕು

ನಾಲ್ಕೈದು ಗೆಳೆಯರು ಸೇರಿ ಹಣ ಹಾಕಿ. 750 ಎಂಎಲ್ ಬಾಟಲಿಯಿಂದ 50 ಎಂಎಲ್‌ನಂತೆ ಸುರಿದರೆ 15 ಗ್ಲಾಸು ಬರುತ್ತದೆ. ರುಚಿ ನೋಡಲು ಅಷ್ಟು ಧಾರಾಳ.

ಮೊದಲ ಜೋಡಿ: ಶೆನಿನ್ ಬ್ಲಾಂಕ್ ಮತ್ತು ಸೊವಿನ್ಯೋ ಬ್ಲಾಂಕ್. ಎರಡೂ ಬಿಳಿ, ಎರಡೂ ಭಾರತದಲ್ಲಿ ಸುಲಭವಾಗಿ ಸಿಗುತ್ತವೆ. ಸಾಧ್ಯವಾದರೆ ಒಂದೇ ಕಂಪನಿಯದ್ದು, ಒಂದೇ ವರ್ಷದ್ದು ತೆಗೆದುಕೊಳ್ಳಿ. ಆಗ ಕಾಣುವ ವ್ಯತ್ಯಾಸ ದ್ರಾಕ್ಷಿಯದ್ದೇ ಅಂತ ನಂಬಬಹುದು.

ಎರಡನೇ ಜೋಡಿ: ಶಿರಾಜ್ ಮತ್ತು ಕ್ಯಾಬರ್ನೆ ಸೊವಿನ್ಯೋ. ಎರಡೂ ರೆಡ್.

ಮೂರನೇ ಜೋಡಿ ನನಗೆ ತುಂಬ ಇಷ್ಟದ್ದು: ಪೋರ್ಟ್ ವೈನ್ ಅಂತ ಮಾರುವ ಸಿಹಿ ವೈನ್ ಒಂದು, ಒಣ (ಡ್ರೈ, ಅಂದರೆ ಸಿಹಿ ಇಲ್ಲದ) ರೆಡ್ ವೈನ್ ಒಂದು. ನಮ್ಮ ಕಡೆ ಬಹಳ ಜನರ ಮೊದಲ ವೈನ್ ಈ ಸಿಹಿ ಪೋರ್ಟೇ, ಅಲ್ವಾ? ಗೋವಾಕ್ಕೆ ಹೋಗಿ ಬಂದವರೆಲ್ಲ ಅದರ ಹೆಸರು ಹೇಳುತ್ತಾರೆ. ಪೋರ್ಚುಗಲ್‌ನ ಡೋರೋ ಕಣಿವೆಯ ಅಸಲಿ ಪೋರ್ಟ್ ಬೇರೆ. ಅಲ್ಲಿ ಹುದುಗುವಿಕೆ ಅರ್ಧದಲ್ಲಿರುವಾಗಲೇ ದ್ರಾಕ್ಷಿಯ ಸ್ಪಿರಿಟ್ ಸುರಿದು ನಿಲ್ಲಿಸುತ್ತಾರೆ. ಸಕ್ಕರೆ ಉಳಿಯುತ್ತದೆ, ಆಲ್ಕೋಹಾಲ್ ಸುಮಾರು ಶೇ. 20ಕ್ಕೆ ಏರುತ್ತದೆ. ನಮ್ಮಲ್ಲಿ ಸಿಗುವ ಪೋರ್ಟ್‌ಗೆ ಬೆಂಗಳೂರು ನೀಲಿ ದ್ರಾಕ್ಷಿ ಹೆಚ್ಚಾಗಿ ಬಳಕೆಯಾಗುತ್ತದೆ. ಅದು ಲಬ್ರುಸ್ಕಾ ಅನ್ನುವ ಅಮೆರಿಕದ ದ್ರಾಕ್ಷಿ ಜಾತಿಯ ಬೆರಕೆ. ಮೂಸಿದರೆ ಬೇಸಿಗೆಯಲ್ಲಿ ತಳ್ಳುಗಾಡಿಯ ಕಪ್ಪು ದ್ರಾಕ್ಷಿ ರಾಶಿಯ ವಾಸನೆಯೇ ಬರುತ್ತದೆ. ಅದನ್ನು ಕೀಳಾಗಿ ಕಾಣಬೇಡಿ. ಜಿಐ (ಭೌಗೋಳಿಕ ಗುರುತು) ಮಾನ್ಯತೆ ಪಡೆದ ನಮ್ಮದೇ ರಾಜ್ಯದ ದ್ರಾಕ್ಷಿ ಅದು. ಒಣ ಶಿರಾಜ್ ಪಕ್ಕದಲ್ಲಿ ಇಟ್ಟು ನೋಡಿದರೆ ಎರಡರ ದಾರಿಯೇ ಬೇರೆ ಅಂತ ಸ್ಪಷ್ಟವಾಗುತ್ತದೆ.

ಅಂಗಡಿಯಲ್ಲಿ ಗಮನಿಸಬೇಕಾದ್ದು. ಬಾಟಲಿ ಬಿಸಿಲು ಬೀಳುವ ಕಪಾಟಿನಲ್ಲಿದ್ದರೆ ಬಿಡಿ. ಕಾರ್ಕ್ ಮೇಲಕ್ಕೆ ತಳ್ಳಿಕೊಂಡಿದ್ದರೆ, ಕುತ್ತಿಗೆಯಲ್ಲಿ ಸೋರಿದ ಅಂಟು ಇದ್ದರೆ ಆ ಬಾಟಲಿ ಕಾದಿದೆ ಅಂತ ಅರ್ಥ. ಲೇಬಲ್‌ನಲ್ಲಿ ದ್ರಾಕ್ಷಿ ಕೊಯ್ಲಾದ ವರ್ಷ ನೋಡಿ. ಬಿಳಿ ವೈನ್‌ಗೆ, ರೋಸೆಗೆ (ಗುಲಾಬಿ ಬಣ್ಣದ ವೈನ್) ಹೊಸ ವರ್ಷದ್ದೇ ಛಲೋ. ತಿರುಪು ಮುಚ್ಚಳ ಇದ್ದರೆ ಅಗ್ಗದ್ದು ಅಂತ ತಿಳಿಯಬೇಡಿ. ನಮ್ಮ ಬಿಸಿಲಿಗೆ, ಬೇಗ ಕುಡಿಯುವ ವೈನಿಗೆ, ಅದೇ ಒಳ್ಳೆಯ ಮುಚ್ಚಳ.

ಹಂತ 3: ತಂಪು ಮತ್ತು ಗ್ಲಾಸು

ರೆಡ್ ವೈನನ್ನು ರೂಮ್ ಟೆಂಪರೇಚರ್‌ನಲ್ಲಿ ಕೊಡಬೇಕು ಅಂತ ಎಲ್ಲ ಕಡೆ ಬರೆದಿರುತ್ತಾರೆ. ಅದು ಚಳಿ ದೇಶದ ಮನೆಗಳ ಲೆಕ್ಕ. ಏಪ್ರಿಲ್‌ನಲ್ಲಿ ಹುಬ್ಬಳ್ಳಿಯ ಕೋಣೆ 30 ಡಿಗ್ರಿ ದಾಟಿರುತ್ತದೆ. ಆ ಬಿಸಿಗೆ ಆಲ್ಕೋಹಾಲ್ ಮೂಗಿಗೆ ರಾಚುತ್ತದೆ, ಹಣ್ಣಿನ ವಾಸನೆ ಅಡಗುತ್ತದೆ. ರೆಡ್‌ಗೆ 16ರಿಂದ 18 ಡಿಗ್ರಿ ಬೇಕು. ಅರ್ಧ ತಾಸು ಫ್ರಿಜ್‌ನಲ್ಲಿಡಿ. ಬಿಸಿಲು ಜಾಸ್ತಿ ಇದ್ದರೆ ಮುಕ್ಕಾಲು ತಾಸು. ಬಿಳಿ ಮತ್ತು ರೋಸೆಗೆ 8ರಿಂದ 12 ಡಿಗ್ರಿ: ಎರಡು ಮೂರು ತಾಸು ಫ್ರಿಜ್‌ನಲ್ಲಿಟ್ಟು, ಸುರಿಯುವ ಹತ್ತು ನಿಮಿಷ ಮೊದಲು ಹೊರಗೆ ತೆಗೆಯಿರಿ. ಗುಳ್ಳೆ ಏಳುವ ಸ್ಪಾರ್ಕ್ಲಿಂಗ್ ವೈನ್ ಇನ್ನೂ ತಂಪಾಗಿ, 6ರಿಂದ 8. ಈ ಒಂದು ಹಂತವನ್ನು ಸರಿಯಾಗಿ ಮಾಡಿದರೆ ಸಾಧಾರಣ ವೈನ್ ಕೂಡ ಒಂದು ಮೆಟ್ಟಿಲು ಮೇಲೇರುತ್ತದೆ.

ಗ್ಲಾಸು ಬಾಯಿಯ ಕಡೆ ಕಿರಿದಾಗಿರಲಿ, ಅಂಚು ತೆಳ್ಳಗಿರಲಿ. ಎಲ್ಲರಿಗೂ ಒಂದೇ ಥರದ್ದು ಇದ್ದರೆ ಸಾಕು. ಅಗರಬತ್ತಿ ಹಚ್ಚಬೇಡಿ, ಸೆಂಟ್ ಹಾಕಿಕೊಂಡು ಬರಬೇಡಿ, ಅಡುಗೆಮನೆಯಲ್ಲಿ ಒಗ್ಗರಣೆ ಆಗುತ್ತಿದ್ದರೆ ಬೇರೆ ಕೋಣೆಗೆ ಹೋಗಿ. ಎಲೆ ಅಡಿಕೆ ಹಾಕಿಕೊಂಡವರ ಬಾಯಿಗೆ ಅವತ್ತು ವೈನ್‌ನ ರುಚಿ ಸಿಗುವುದಿಲ್ಲ. ಮಧ್ಯಾಹ್ನದ ಊಟಕ್ಕೆ ಮೊದಲಿನ ಹೊತ್ತು ಒಳ್ಳೆಯದು: ಬೆಳಕೂ ಇರುತ್ತದೆ, ಹಸಿದ ಮೂಗು ಚುರುಕಾಗಿರುತ್ತದೆ.

ಹಂತ 4: ನೋಡಿ, ಮೂಸಿ, ಗುಟುಕರಿಸಿ, ಉಗುಳಿ

ಬಿಳಿ ಕಾಗದದ ಮೇಲೆ ಗ್ಲಾಸನ್ನು ಓರೆಯಾಗಿ ಹಿಡಿಯಿರಿ. ಬಿಳಿ ವೈನ್ ಹಳೆಯದಾದಷ್ಟೂ ಬಣ್ಣ ಗಾಢವಾಗುತ್ತದೆ, ಬಂಗಾರದ ಕಡೆ ಹೋಗುತ್ತದೆ. ರೆಡ್ ಹಳೆಯದಾದಷ್ಟೂ ತಿಳಿಯಾಗುತ್ತದೆ, ಅಂಚು ಇಟ್ಟಂಗಿ ಬಣ್ಣಕ್ಕೆ ತಿರುಗುತ್ತದೆ. ಗ್ಲಾಸಿನ ಗೋಡೆಯಲ್ಲಿ ಇಳಿಯುವ ಹನಿಗಳನ್ನು ನೋಡಿ ಗುಣಮಟ್ಟ ಅಳೆಯುವವರಿದ್ದಾರೆ. ಅದು ಆಲ್ಕೋಹಾಲ್ ಮತ್ತು ಸಕ್ಕರೆಯ ಸುಳಿವು ಅಷ್ಟೆ.

ಗ್ಲಾಸು ಅಲ್ಲಾಡಿಸುವ ಮೊದಲು ಒಮ್ಮೆ ಮೂಸಿ. ಆಮೇಲೆ ಮೇಜಿನ ಮೇಲಿಟ್ಟು ಗುಂಡಗೆ ತಿರುಗಿಸಿ ಮತ್ತೆ ಮೂಸಿ. ಉದ್ದ ಉಸಿರು ಬೇಡ, ಸಣ್ಣ ಸಣ್ಣ ಉಸಿರು ಸಾಕು. ಶೆನಿನ್‌ನಿಂದ ಸೊವಿನ್ಯೋಗೆ ಹೋಗಿ, ಮತ್ತೆ ಶೆನಿನ್‌ಗೆ ಬನ್ನಿ. ಶೆನಿನ್‌ನಲ್ಲಿ ಹಣ್ಣು ಮುಂದೆ ಇರುತ್ತದೆ: ಧಾರವಾಡದ ಪೇರಲ, ಮಾಗಿದ ಸೇಬು, ಕೆಲವು ಸಲ ಜೇನು. ಸೊವಿನ್ಯೋಗೆ ಬಂದ ಕೂಡಲೇ ಹಸಿರು ಎದ್ದು ಬರುತ್ತದೆ: ಲಿಂಬೆ ಸಿಪ್ಪೆ, ಕೊಯ್ದ ಹುಲ್ಲು, ಡೊಣ್ಣ ಮೆಣಸಿನಕಾಯಿ. ಸೊವಿನ್ಯೋ ಒಂದನ್ನೇ ಮೂಸಿದ್ದರೆ ಆ ಹಸಿರು ಇಷ್ಟು ಎದ್ದು ಕಾಣುತ್ತಿರಲಿಲ್ಲ. ಜೋಡಿಯ ಲಾಭ ಇದೇ.

ಸಣ್ಣ ಗುಟುಕು ತೆಗೆದುಕೊಂಡು ಬಾಯಿತುಂಬ ಓಡಾಡಿಸಿ. ತುಟಿ ಸ್ವಲ್ಪ ತೆರೆದು ಗಾಳಿ ಒಳಗೆಳೆಯಿರಿ. ಸದ್ದಾಗುತ್ತದೆ, ಆಗಲಿ. ವಾಸನೆ ಗಂಟಲ ಹಿಂದಿನಿಂದ ಮೂಗಿಗೆ ಏರುವುದು ಆಗಲೇ. ಈಗ ಒಂದೊಂದಾಗಿ ಕೇಳಿಕೊಳ್ಳಿ. ಸಿಹಿ ಇದೆಯೋ? ಬಾಯಲ್ಲಿ ನೀರೂರುತ್ತಿದೆಯೋ? ವಸಡು ಒಣಗುತ್ತಿದೆಯೋ? ಗಂಟಲಲ್ಲಿ ಆಲ್ಕೋಹಾಲ್‌ನ ಬಿಸಿ ಎಷ್ಟು? ಉಗುಳಿದ ಮೇಲೆ ರುಚಿ ಎಷ್ಟು ಹೊತ್ತು ನಿಲ್ಲುತ್ತದೆ? ಕೊನೆಯ ಪ್ರಶ್ನೆಗೆ ನಾನು ಜಾಸ್ತಿ ಬೆಲೆ ಕೊಡುತ್ತೇನೆ. ಬೇಗ ಮಾಯವಾಗುವ ವೈನ್ ಎಷ್ಟು ಘಮಘಮ ಅಂದರೂ ಅಷ್ಟಕ್ಕಷ್ಟೇ.

ಉಗುಳಲು ಒಂದು ಸ್ಟೀಲ್ ಚೊಂಬು ಇಡಿ. ವೈನ್ ಮಾಡುವವರು, ತೀರ್ಪು ಕೊಡುವವರು ಎಲ್ಲರೂ ಉಗುಳಿಯೇ ನೋಡುತ್ತಾರೆ. ಸಂಕೋಚ ಬೇಡ.

ಎರಡು ವೈನ್ ನಡುವೆ ಬಾಯಿ ಸ್ವಚ್ಛ ಮಾಡಲು ಬ್ರೆಡ್ ಕೊಡುವುದು ರೂಢಿ. ನಮ್ಮ ಖಡಕ್ ಜೋಳದ ರೊಟ್ಟಿ ಅದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಉಪ್ಪಿಲ್ಲದ್ದು, ಎಳ್ಳು ಹಚ್ಚದ್ದು ಇರಲಿ. ಬ್ರೆಡ್‌ನಲ್ಲಿ ಸಕ್ಕರೆ, ಈಸ್ಟ್ ವಾಸನೆ ಇರುತ್ತದೆ. ರೊಟ್ಟಿಯಲ್ಲಿ ಅದಿಲ್ಲ. ಒಂದು ತುಂಡು ಮುರಿದು ತಿಂದು ನೀರು ಕುಡಿದರೆ ಟ್ಯಾನಿನ್ ಕೂಡ ಬಿಟ್ಟು ಹೋಗುತ್ತದೆ.

ಕೆಟ್ಟ ವೈನ್ ಗುರುತಿಸುವುದು ಇದರ ಜೊತೆಗೇ ಬರಬೇಕು. ಒದ್ದೆ ರಟ್ಟಿನ, ಮುಗ್ಗಲು ವಾಸನೆ ಬಂದರೆ ಕಾರ್ಕ್ ಕೆಟ್ಟಿದೆ. ವಿನೆಗರ್ ಅಥವಾ ನೇಲ್ ಪಾಲಿಶ್ ವಾಸನೆ ಬಂದರೆ ಬ್ಯಾಕ್ಟೀರಿಯಾ ಕೆಲಸ ಮಾಡಿದೆ. ಬಿಳಿ ವೈನ್ ಕಂದು ಬಣ್ಣಕ್ಕೆ ತಿರುಗಿ ಸಪ್ಪೆಯಾಗಿದ್ದರೆ ಗಾಳಿ ಹೊಕ್ಕಿದೆ. ಕುದಿಸಿದ ಜಾಮ್‌ನ ವಾಸನೆ ಇದ್ದರೆ ಎಲ್ಲೋ ಸಾಗಾಟದಲ್ಲಿ ಬಿಸಿಲು ತಿಂದಿದೆ. ತಳದಲ್ಲಿ ಗಾಜಿನ ಚೂರಿನಂಥ ಹರಳು ಕಂಡರೆ ಹೆದರಬೇಡಿ. ಅದು ದ್ರಾಕ್ಷಿಯ ಟಾರ್ಟಾರಿಕ್ ಆಮ್ಲದ ಉಪ್ಪು, ಏನೂ ಆಗುವುದಿಲ್ಲ.

ಹಂತ 5: ಬರೆದಿಡಿ

ದಿನಾಂಕ, ಹೆಸರು, ವರ್ಷ, ಬೆಲೆ, ಎರಡು ವಾಸನೆ, ಒಂದು ತೀರ್ಪು. ಇಷ್ಟೇ. "ಸ್ಟ್ರಾಬೆರಿ", "ಕ್ಯಾಸಿಸ್" ಅಂತ ಲೇಬಲ್ ನೋಡಿ ಬರೆಯಬೇಡಿ. ನಿಮಗೆ ಕವಳಿ ಹಣ್ಣು ಅನ್ನಿಸಿದರೆ ಕವಳಿ ಅಂತಲೇ ಬರೆಯಿರಿ. ಆರು ತಿಂಗಳ ನಂತರ ಓದಿದಾಗ ನಿಮಗೆ ನೆನಪು ತರುವುದು ಅದೇ.

ಹಂತ 6: ನಮ್ಮ ಊಟದ ಜೊತೆ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ಬೇರೆಯವರು ಬರೆದ ಪಟ್ಟಿಗಳಲ್ಲಿ ಚೀಸ್, ಸ್ಟೇಕ್ ಇರುತ್ತವೆ. ನಮಗೆ ಬೇಕಾದ್ದು ಸಾವಜಿ ಮಟನ್‌ಗೆ ಏನು, ಎಣ್ಣೆಗಾಯಿಗೆ ಏನು ಅನ್ನೋದು.

ಖಾರದ ಲೆಕ್ಕ ಮೊದಲು. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಬಿಸಿಯನ್ನು ಗುರುತಿಸುವ ನರಗಳನ್ನೇ ಕೆರಳಿಸುತ್ತದೆ. ಆಲ್ಕೋಹಾಲ್ ಅದೇ ನರಗಳನ್ನು ಇನ್ನಷ್ಟು ಕೆರಳಿಸುತ್ತದೆ. ಒಗರು ಸೇರಿದರೆ ಬಾಯಿ ಇನ್ನೂ ಒರಟಾಗುತ್ತದೆ. ಆದ್ದರಿಂದ ಹುಬ್ಬಳ್ಳಿಯ, ಗದಗ-ಬೆಟಗೇರಿಯ ಸಾವಜಿ ಖಾನಾವಳಿಯ ಕೆಂಪು ರಸದ ಜೊತೆ ಶೇ. 14ರ ಕ್ಯಾಬರ್ನೆ ಇಟ್ಟರೆ ಎರಡೂ ಹಾಳು. ವೈನ್ ಕಹಿಯಾಗುತ್ತದೆ, ಮಟನ್ ಬರೀ ಉರಿಯಾಗುತ್ತದೆ. ಅಲ್ಲಿ ಬೇಕಾದ್ದು ತಂಪಾದ, ಸ್ವಲ್ಪ ಸಿಹಿ ಉಳಿದಿರುವ, ಆಲ್ಕೋಹಾಲ್ ಕಡಿಮೆ ಇರುವ ಶೆನಿನ್ ಬ್ಲಾಂಕ್. ರೋಸೆ ಕೂಡ ನಡೆಯುತ್ತದೆ. ಸಿಹಿ ಖಾರವನ್ನು ಹಿಡಿದು ನಿಲ್ಲಿಸುತ್ತದೆ, ಹುಳಿ ಎಣ್ಣೆಯನ್ನು ಕತ್ತರಿಸುತ್ತದೆ, ಕೊಬ್ಬರಿ-ಗಸಗಸೆಯ ರುಚಿ ಮೇಲೆ ಬರುತ್ತದೆ.

ಬ್ಯಾಡಗಿಯ ಕಥೆ ಬೇರೆ. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರ ಕಡಿಮೆ. ಬರೀ ಬ್ಯಾಡಗಿ ಹಾಕಿ ಮಾಡಿದ ಒಣ ಮಟನ್ ಅಥವಾ ಖೀಮಾ ಉಂಡೆ ಇದ್ದರೆ ಧೈರ್ಯವಾಗಿ ಶಿರಾಜ್ ತೆರೆಯಿರಿ. ಮಸಾಲೆಯ ಲವಂಗ, ಮೆಣಸು ವೈನ್‌ನಲ್ಲೂ ಸಿಗುತ್ತವೆ. ಶಿರಾಜ್ ಸ್ವಲ್ಪ ತಂಪಾಗಿರಲಿ.

ಎಣ್ಣೆಗಾಯಿಯಲ್ಲಿ ಶೇಂಗಾ, ಎಳ್ಳು, ಗುರೆಳ್ಳಿನ ಜಿಡ್ಡು ಇದೆ, ಹುಣಸೆಯ ಹುಳಿ ಇದೆ. ಅದಕ್ಕೆ ಹುಳಿ ಚೆನ್ನಾಗಿರುವ ಸಾಂಜಿಯೊವೇಸೆ (ಇಟಲಿ ಮೂಲದ ದ್ರಾಕ್ಷಿಯ ರೆಡ್ ವೈನ್) ಹೊಂದುತ್ತದೆ. ಗಿರಮಿಟ್‌ನ ಹಸಿ ಉಳ್ಳಾಗಡ್ಡಿ, ಕೊತ್ತಂಬರಿ, ಲಿಂಬೆಗೆ ಸೊವಿನ್ಯೋ ಬ್ಲಾಂಕ್. ಖಾರ ಕಡಿಮೆ ಇರುವ ಮಿರ್ಚಿ ಭಜಿಗೆ ಬ್ರೂಟ್, ಅಂದರೆ ಸಿಹಿ ತೀರಾ ಕಡಿಮೆ ಇರುವ ಸ್ಪಾರ್ಕ್ಲಿಂಗ್. ಜಿಡ್ಡನ್ನು ಹುಳಿ, ಗುಳ್ಳೆ ಎರಡೂ ಸೇರಿ ತೊಳೆಯುತ್ತವೆ.

ಧಾರವಾಡ ಪೇಡೆಯ ಜೊತೆ ಒಣ ರೆಡ್ ಬೇಡವೇ ಬೇಡ. ತಿಂಡಿಗಿಂತ ವೈನ್ ಸಿಹಿಯಾಗಿರಬೇಕು. ಇಲ್ಲದಿದ್ದರೆ ವೈನ್ ಹುಳಿ ಹುಳಿ ಅನ್ನಿಸುತ್ತದೆ. ಗಿಡದಲ್ಲೇ ಜಾಸ್ತಿ ಮಾಗಿಸಿ ತಡವಾಗಿ ಕೊಯ್ದ ಲೇಟ್ ಹಾರ್ವೆಸ್ಟ್ ಶೆನಿನ್ ಸಿಕ್ಕರೆ, ಪೇಡೆಯ ಕೆಂಪಗೆ ಕಾಯಿಸಿದ ಹಾಲಿನ ರುಚಿಗೆ ಅದರ ಜೇನಿನ ರುಚಿ ಚೆನ್ನಾಗಿ ಕೂಡುತ್ತದೆ.

ಹಂತ 7: ತೋಟಕ್ಕೆ ಹೊರಡಿ, ಕಾಲ ನೋಡಿ

ನಮ್ಮ ಹವೆಯಲ್ಲಿ ದ್ರಾಕ್ಷಿ ಬಳ್ಳಿ ಚಳಿಗೆ ಮಲಗುವುದಿಲ್ಲ. ಹಾಗಾಗಿ ವರ್ಷಕ್ಕೆ ಎರಡು ಸಲ ಕತ್ತರಿಸುತ್ತಾರೆ. ಏಪ್ರಿಲ್ ಸುಮಾರಿಗೆ ಬಳ್ಳಿ ಬೆಳೆಸಲು, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಹಣ್ಣಿಗಾಗಿ. ಕೊಯ್ಲು ಜನವರಿಯಿಂದ ಮಾರ್ಚ್. ಹೋಗುವುದಾದರೆ ಆಗಲೇ ಹೋಗಿ. ಜೂನ್‌ನಲ್ಲಿ ಹೋದರೆ ಎಲೆ ಕಾಣುತ್ತದೆ, ಗೊಂಚಲು ಕಾಣುವುದಿಲ್ಲ.

ಹತ್ತಿರದ್ದು ಕೊಪ್ಪಳ ಜಿಲ್ಲೆಯ ಹಂಪಿ ಹಿಲ್ಸ್. ಕೃಷ್ಮಾ ಎಸ್ಟೇಟ್ಸ್‌ನ ತೋಟ ಅಲ್ಲಿದೆ. ಕ್ಯಾಬರ್ನೆ, ಸಿರಾ (ಶಿರಾಜ್‌ನದೇ ಇನ್ನೊಂದು ಹೆಸರು), ಸಾಂಜಿಯೊವೇಸೆ ಬೆಳೆಯುತ್ತಾರೆ. ಹುಬ್ಬಳ್ಳಿಯಿಂದ ಅಣ್ಣಿಗೇರಿ, ಗದಗ ದಾಟಿ ಹೋಗುವ ದಾರಿಯೇ ಒಂದು ಪಾಠ. ಗದಗದವರೆಗೆ ಕರಿ ಎರೆ ಭೂಮಿ, ಹತ್ತಿ, ಕಡಲೆ, ಮೆಣಸಿನಕಾಯಿ. ಕೊಪ್ಪಳ ಬರುತ್ತಿದ್ದಂತೆ ಮಸಾರಿ ಮಣ್ಣು, ಗ್ರಾನೈಟ್ ಗುಡ್ಡ. ಎರೆ ಮಣ್ಣು ನೀರು ಹಿಡಿದಿಡುತ್ತದೆ, ಮಸಾರಿ ಬಸಿದು ಬಿಡುತ್ತದೆ. ವೈನ್ ದ್ರಾಕ್ಷಿಗೆ ಬೇರು ಒದ್ದೆಯಾಗಿ ನಿಲ್ಲಬಾರದು. ಸ್ವಲ್ಪ ಬಾಯಾರಿದ ಬಳ್ಳಿಯೇ ಸಣ್ಣ, ಗಟ್ಟಿ ರುಚಿಯ ಹಣ್ಣು ಕೊಡುತ್ತದೆ. ಕಾರಿನ ಕಿಟಕಿಯಿಂದ ಮಣ್ಣು ಬದಲಾಗುವುದನ್ನು ನೋಡುತ್ತಾ ಹೋಗಿ.

ವಿಜಯಪುರ ಇನ್ನೊಂದು ದಾರಿ. ಅಲ್ಲಿ ನೋಡಬೇಕಾದ್ದು ವೈನ್‌ಗಿಂತ ಒಣದ್ರಾಕ್ಷಿ. ಫೆಬ್ರುವರಿಯಿಂದ ಏಪ್ರಿಲ್ ನಡುವೆ ಹೋದರೆ ಥಾಮ್ಸನ್ ಸೀಡ್‌ಲೆಸ್, ಮಾಣಿಕ್ ಚಮನ್ ದ್ರಾಕ್ಷಿಯನ್ನು ದ್ರಾವಣದಲ್ಲಿ ಅದ್ದಿ, ನೆರಳಿನ ಶೆಡ್‌ನಲ್ಲಿ ಅಂತಸ್ತು ಅಂತಸ್ತಾಗಿ ಬಲೆಯ ಮೇಲೆ ಹರಡಿರುವುದು ಕಾಣುತ್ತದೆ. ರೈತರನ್ನು ಕೇಳಿ ಒಂದು ಹಸಿ ದ್ರಾಕ್ಷಿ ಬಾಯಿಗೆ ಹಾಕಿ. ತೆಳು ಸಿಪ್ಪೆ, ಬೀಜವಿಲ್ಲ, ಬರೀ ರಸ. ಆಮೇಲೆ ವೈನ್ ತೋಟದ ದ್ರಾಕ್ಷಿ ತಿನ್ನಿ. ಸಣ್ಣದು, ದಪ್ಪ ಸಿಪ್ಪೆ, ಬೀಜ, ಒಗರು, ಅದರ ಮೇಲೆ ಜಾಸ್ತಿ ಸಿಹಿ. ಬಣ್ಣ ಮತ್ತು ಟ್ಯಾನಿನ್ ಬರುವುದು ಆ ಸಿಪ್ಪೆ-ಬೀಜದಿಂದ. ಇದೂ ಒಂದು ಜೋಡಿಯೇ.

ದೂರ ಹೋಗುವವರಿಗೆ ಸೊಲ್ಲಾಪುರ ಜಿಲ್ಲೆಯ ಅಕ್ಲೂಜ್‌ನಲ್ಲಿ ಫ್ರಾಟೆಲ್ಲಿ ಇದೆ. ಇಟಲಿಯ ವೈನ್ ತಜ್ಞ ಪಿಯೆರೊ ಮಾಸಿ ಜೊತೆ ಸೇರಿ ಕಟ್ಟಿದ ವೈನರಿ ಅದು. ಸಾಂಜಿಯೊವೇಸೆ ಇಷ್ಟವಾದವರು ಅಲ್ಲಿಗೆ ಹೋಗಲೇಬೇಕು. ಬೆಂಗಳೂರಿಗೆ ಹೋಗುವ ಕೆಲಸ ಇದ್ದರೆ ನಂದಿ ಬೆಟ್ಟದ ಕೆಳಗೆ ದೊಡ್ಡಬಳ್ಳಾಪುರದ ಗ್ರೋವರ್ ಜಂಪಾ, ಇಲ್ಲವೇ ಚನ್ನಪಟ್ಟಣದ ಡೊಮೇನ್ ಸುಲಾ ಒಂದೇ ದಿನದಲ್ಲಿ ನೋಡಿ ಬರಬಹುದು. ಎಲ್ಲಿಗೆ ಹೋದರೂ ಮೊದಲೇ ಫೋನ್ ಮಾಡಿ ಕೇಳಿ. ಎಲ್ಲ ತೋಟಗಳೂ ಎಲ್ಲ ದಿನ ತೆರೆದಿರುವುದಿಲ್ಲ.

ಹಂತ 8: ವೈನರಿಯಲ್ಲಿ ಏನು ಕೇಳಬೇಕು

ಕೊಯ್ಲಿನ ದಿನ ಎಷ್ಟು ಬ್ರಿಕ್ಸ್ ಇತ್ತು ಅಂತ ಕೇಳಿ. ಅದು ರಸದ ಸಕ್ಕರೆಯ ಅಳತೆ. ರಿಫ್ರಾಕ್ಟೋಮೀಟರ್ ಗಾಜಿನ ಮೇಲೆ ಒಂದು ಹನಿ ಹಿಂಡಿ ಬೆಳಕಿಗೆ ಹಿಡಿದು ತೋರಿಸುತ್ತಾರೆ. ನೀಲಿ ಮತ್ತು ಬಿಳಿ ಸೇರುವ ಗೆರೆಯ ಅಂಕಿಯೇ ಬ್ರಿಕ್ಸ್. ಅದನ್ನು 0.55ರಿಂದ ಗುಣಿಸಿದರೆ ಆಗಲಿರುವ ಆಲ್ಕೋಹಾಲ್ ಅಂದಾಜು ಸಿಗುತ್ತದೆ. 24 ಬ್ರಿಕ್ಸ್ ಅಂದರೆ ಸುಮಾರು ಶೇ. 13. ಲೇಬಲ್‌ನ ಅಂಕಿ ಎಲ್ಲಿಂದ ಬಂತು ಅಂತ ಕಣ್ಣಾರೆ ತಿಳಿಯುತ್ತದೆ.

ಸ್ಟೀಲ್ ಟ್ಯಾಂಕ್‌ನಿಂದ ಒಂದು ಹನಿ, 225 ಲೀಟರ್‌ನ ಓಕ್ ಪೀಪಾಯಿಯಿಂದ ಒಂದು ಹನಿ ಕೊಡುತ್ತೀರಾ ಅಂತ ಕೇಳಿ ನೋಡಿ. ಒಂದೇ ದ್ರಾಕ್ಷಿ, ಒಂದೇ ವರ್ಷ, ಎರಡು ಪಾತ್ರೆ. ಪೀಪಾಯಿ ಏನು ಮಾಡುತ್ತದೆ ಅನ್ನೋದನ್ನು ಇದಕ್ಕಿಂತ ಚೆನ್ನಾಗಿ ಯಾರೂ ಹೇಳಿಕೊಡಲಾರರು. ಬಳ್ಳಿಯನ್ನು ಕಸಿ ಕಟ್ಟಿದ ಬೇರುಕಾಂಡ ಯಾವುದು ಅಂತಲೂ ಕೇಳಿ. ನಮ್ಮ ಕಡೆ ಬರ, ಉಪ್ಪು ನೀರು ತಡೆಯುವ ಡಾಗ್‌ರಿಡ್ಜ್ ಮೇಲೆ ಕಸಿ ಮಾಡುವುದು ಸಾಮಾನ್ಯ. ಈ ಪ್ರಶ್ನೆ ಕೇಳಿದರೆ ತೋಟದವರು ಮನಸ್ಸು ಬಿಚ್ಚಿ ಮಾತಾಡುತ್ತಾರೆ.

ಗಾಡಿ ಓಡಿಸುವವರು ರುಚಿ ನೋಡಬಾರದು. ಕಾನೂನಿನ ಮಿತಿ 100 ಎಂಎಲ್ ರಕ್ತಕ್ಕೆ 30 ಮಿಲಿಗ್ರಾಂ. ಮೊದಲ ಸಲ ಸಿಕ್ಕರೂ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಚಾಲಕರನ್ನು ಗೊತ್ತುಮಾಡಿಕೊಂಡೇ ಹೊರಡಿ.

ಹಂತ 9: ಬಾಟಲಿ ಮನೆಗೆ ತರುವುದು, ಇಡುವುದು

ಬೇರೆ ರಾಜ್ಯದಿಂದ ಸುಮ್ಮಸುಮ್ಮನೆ ಬಾಟಲಿ ತುಂಬಿಕೊಂಡು ಬರಬೇಡಿ. ಗೋವಾ ದಾರಿಯ ಅನಮೋಡ, ಮಾಜಾಳಿಯಲ್ಲಿ ಅಬಕಾರಿ ತಪಾಸಣೆ ಇರುತ್ತದೆ. ಪರವಾನಗಿ ಇಲ್ಲದ್ದನ್ನು ಜಪ್ತಿ ಮಾಡುತ್ತಾರೆ. ಕರ್ನಾಟಕದೊಳಗೆ ಕೊಂಡರೂ ಬಿಲ್ ಜೊತೆಗಿರಲಿ.

ಮಾರ್ಚ್ ಮಧ್ಯಾಹ್ನ ನಿಲ್ಲಿಸಿದ ಕಾರಿನ ಡಿಕ್ಕಿ ವೈನ್‌ಗೆ ಅತಿ ಕೆಟ್ಟ ಜಾಗ. ಊಟಕ್ಕೆ ಇಳಿದಾಗ ಬಾಟಲಿಯನ್ನೂ ಇಳಿಸಿಕೊಳ್ಳಿ. ಇಲ್ಲದಿದ್ದರೆ ಥರ್ಮಕೋಲ್ ಪೆಟ್ಟಿಗೆಯಲ್ಲಿ ಐಸ್ ಪ್ಯಾಕ್ ಜೊತೆ ಇಡಿ.

ಮನೆಯಲ್ಲಿ ಅಡುಗೆಮನೆ ಬೇಡ, ಫ್ರಿಜ್ ಮೇಲೆ ಬೇಡ, ಅಟ್ಟವೂ ಬೇಡ. ಬಿಸಿಲು ಬೀಳದ ಗೋಡೆ ಪಕ್ಕ, ನೆಲಕ್ಕೆ ಹತ್ತಿರದ ಕಪಾಟು ಸರಿ. ಕಾರ್ಕ್ ಬಾಟಲಿಯನ್ನು ಮಲಗಿಸಿಡಿ, ತಿರುಪಿನದ್ದು ಹೇಗಿಟ್ಟರೂ ನಡೆಯುತ್ತದೆ. ಬೇಸಿಗೆ ದಾಟಿಸಬೇಕಾದ ಒಳ್ಳೆಯ ರೆಡ್ ಇದ್ದರೆ ಫ್ರಿಜ್‌ನ ತರಕಾರಿ ಡಬ್ಬದಲ್ಲಿ ಇಟ್ಟುಬಿಡಿ. ತೆರೆದ ಬಾಟಲಿಗೆ ಮುಚ್ಚಳ ಹಾಕಿ, ರೆಡ್ ಆದರೂ ಸರಿ, ಫ್ರಿಜ್‌ಗೆ ಸೇರಿಸಿ. ಮೂರು ದಿನದೊಳಗೆ ಮುಗಿಸಿ. ಮೂರನೇ ದಿನಕ್ಕೆ ಹಣ್ಣಿನ ವಾಸನೆ ಹೋಗಿ ಚಪ್ಪಟೆ ಆಗಿದ್ದರೆ ಅದನ್ನು ಎಸೆಯಬೇಡಿ, ಮಟನ್ ನೆನೆಸಲು ಹಾಕಿ.